ಮಲಗಿದಾಗ ಎಷ್ಟು ತಿಂತದ

ತಿಕೋಟಾದ ಗೌರಾಬಾಯಿ ಸೆರಗಿನಾಗ ಸುತ್ತಿ ತಂದಿಟ್ಟಳು
ಅಂಗೈಯಗಲದ ಹಸರ ಹಲಗಿ.
‘ನಿಮ್ಮ ಕಾವಲಗಾರ ನಾಕ ದಿನಕ್ಕ ಕಣ್ಣ ಮುಚ್ಚಿದ.
ಶೆಡ್ಡಿನಾಗ ದ್ರಾಕ್ಷಿ ಇನ್ನಾ ಅರ್ಧ ಹಸಿ ಅದ,
ಗಾಳಿಯಾಗ ನೀರ ಎಷ್ಟದ ಅಂತ ಇನ್ನ ಯಾರನ್ನ ಕೇಳ್ಲಿ?’

ತಪ್ಪು ನಂದ.
ಡ್ರಾವರಿನಾಗ ಕೈಗೆ ಸಿಕ್ಕ ಮೂರು ಕಾಲಿನ ಹಳೇ ರೆಗ್ಯುಲೇಟರಿಗೆ
ಬೆಸುಗಿ ಹಚ್ಚಿ ಕೊಟ್ಟಿದ್ದೆ.
ಒಂಬತ್ತು ವೋಲ್ಟ್ ಕುಡಿದು ಮೂರು ಬಡಿಸಿ
ಉಳಿದದ್ದೆಲ್ಲಾ ಬಿಸಿಯಾಗಿ ಚೆಲ್ಲೂವಂಥಾದ್ದು,
ಯಾರೂ ಉಣ್ಣಾಕ ಬರದಿದ್ರೂ
ಐದು ಮಿಲಿ ಆಂಪಿಯರ್ ತಾನ ಕೂತು ತಿನ್ನೂವಂಥಾದ್ದು.

ಅಂಗಡಿ ಬಂದೇನವಾಜ ಮಾಮಾಂದು, ಅಥಣಿ ರೋಡಿನ ಮ್ಯಾಲ.
ಪಂಪಸೆಟ್ಟಿನ ಮೋಟಾರ ಬಿಚ್ಚಿ, ಸುಟ್ಟ ತಾಮ್ರ ಎಳದು ಒಗದು
ಹೊಸಾ ಸುರುಳಿ ಸುತ್ತೂದು ನಲವತ್ತು ವರ್ಷದ ಕೆಲಸ.
ನಂದು ಮೂಲ್ಯಾಗಿನ ಅರ್ಧ ಟೇಬಲ್ಲು, ಬಾಡಿಗಿ ಐನೂರು.
ಅಂವ ಸುತ್ತು ಎಣಿಸುವಾಗ ಮಾತಾಡಂಗಿಲ್ಲ:
ಎಣಿಕಿ ತಪ್ಪಿದ್ರ ಮೋಟಾರ ಗುರ್ ಅಂತದ, ಆಮ್ಯಾಲ ಅಂವನೂ.

ಮುನ್ನೂರಾ ಹನ್ನೆರಡಕ್ಕ ನಿಂತ. ಗಂಟು ಹಾಕಿದ.
‘ಒಂದು ಕಾಯಿಲ್ ಹಾಕವಾ, ನಾ ಸುತ್ತಿ ಕೊಡ್ತೀನಿ.
ಕಾಯಿಲ್ ಇದ್ರ ಕರೆಂಟು ಹಾಳಾಗಂಗಿಲ್ಲ.’

ಹೌದು ಮಾಮಾ, ದುಡಿಯೂ ಮುಂದ ಅದರಷ್ಟು ಉಳಸವ್ರು ಇಲ್ಲ.
ಆದ್ರ ಈ ಹಲಗಿಗೆ ದುಡಿಮಿನ ಇಲ್ಲ.
ಹತ್ತು ನಿಮಿಷಕ್ಕೊಮ್ಮೆ ಎದ್ದು, ಗಾಳಿ ಮೂಸಿ,
ಒಂದು ಸಂಖ್ಯೆ ಕೂಗಿ,
ಕಣ್ಣ ಪಿಳುಕಿಸೂದ್ರಾಗ ಮತ್ತ ನಿದ್ದಿ.
ನಾ ನೋಡಿದ ಕಾಯಿಲಿನ ಚಿಪ್ಪು ಮಲಗಿದಾಗೂ ಮೂವತ್ತು ಮೈಕ್ರೋ ತಿಂತದ,
ಅದರ ಕಟಕಟ ಸೆನ್ಸರಿನ ಕಿವಿಗೆ ಬಡೀತದ.
ಮ್ಯಾಲ ಆ ಕಾಯಿಲ್ಲು ಡಬ್ಬಿಗಿಂತ ಎತ್ತರ,
ಮುಚ್ಚಳ ಕೂಡಂಗಿಲ್ಲ.

ಹಂಗಾರ ಕೆಪಾಸಿಟರಿನ ಪಂಪು?
ಬಾವಿಕಟ್ಟಿ ಮ್ಯಾಲ ಅಕ್ಕ ತುಂಬೂದು, ತಂಗಿ ಸುರಿಯೂದು,
ಹಗ್ಗಕ್ಕ ಬಿಡುವಿಲ್ಲ. ಚೆಂದ ಅದ.
ಅರ್ಧ ಮಾಡೂದು, ದುಪ್ಪಟ್ಟು ಮಾಡೂದು ಅದಕ್ಕ ಸಲೀಸು.
ನನ್ನ ಹೊಸಾ ಸೆಲ್ಲು ಮೂರೂವರಿಗಿಂತ ಚೂರು ಮ್ಯಾಲ,
ಹಲಗಿಗೆ ಬೇಕಾದ್ದು ಮೂರು.
ಇಷ್ಟಕ್ಕ ಎರಡು ಕೊಡ ಯಾಕ?

ಮಾಮಾ ಬೆರಳಿಗಂಟಿದ ವಾರ್ನಿಷ್ ಕೆರಕೊಂಡ.
‘ಆಳು ಇಡೂ ಮುಂದ ನಮ್ಮವ್ವ ಕೇಳಾಕಿ,
ದುಡಿಯೂ ದಿನ ಎಷ್ಟು ಉಣ್ತಾನ ಅಂಬೂದು ಇರ್ಲಿ,
ಮಳಿ ಹಿಡದು ಕೂತ ದಿನ ಎಷ್ಟು ಉಣ್ತಾನ?’

ಆ ರಾತ್ರಿ ಡೇಟಾಶೀಟಿನ ಮೊದಲ ಪುಟದ ದಪ್ಪ ಅಕ್ಷರ ದಾಟಿ
ಏಳನೇ ಪುಟದ ಸಣ್ಣ ಕೋಷ್ಟಕಕ್ಕ ಬಂದೆ.
ಒಂದರ ನಿದ್ದಿ ಅರ್ಧ ಮೈಕ್ರೋ, ರೇಟು ಮೂರು ಪಟ್ಟು.
ಒಂದು ಇಪ್ಪತ್ತೈದು ಡಿಗ್ರಿಗೆ ಸಾಧು, ಅರವತ್ತಕ್ಕ ಬಕಾಸುರ
(ಏಪ್ರಿಲ್ಲಿನಾಗ ಆ ತಗಡಿನ ಕೆಳಗ ಇಪ್ಪತ್ತೈದು ಯಾವಾಗಿತ್ತು?)
ಇನ್ನೊಂದು, ಸೆಲ್ಲು ತುಸು ಸೋತ್ರ ಸಾಕು, ತಾನೂ ಕೈ ಚೆಲ್ಲತದ.
ಕಡೀಕ ಉಳಿದದ್ದು ಒಂದ ಮೈಕ್ರೋದ್ದು,
ಬಿಸಿಲಾಗೂ ಎರಡು ದಾಟಂಗಿಲ್ಲ.
ಐದು ಕಾಲು, ಜ್ವಾಳದ ಕಾಳಿನಷ್ಟು ಮೈ.
ಪಾಯಿಂಟ್ ಆರು ವೋಲ್ಟ್ ಬಿಸಿಯಾಗಿ ಹೋಗ್ತದ, ಹೋಗ್ಲಿ.
ಲೆಕ್ಕ ಇಟ್ಟು ಕಳಕೊಂಡದ್ದು.

ಬೆಸುಗಿ ಆದ ಮ್ಯಾಲ ಮಾಮಾ ಭೂತಗನ್ನಡಿ ಹಿಡದು
ಬಾಳ ಹೊತ್ತು ನೋಡಿದ.
‘ಇದರಾಗ ತಾಮ್ರದ ಒಂದು ಸುತ್ತೂ ಇಲ್ಲಲ್ಲ.’
ನಾ ಏನೂ ಅನ್ನಲಿಲ್ಲ.
ಎದ್ದು, ಸುಟ್ಟ ಮೋಟಾರಿನ ತಂತಿ ಒಂದು ಗೇಣು ಕತ್ತರಿಸಿ
ಡಬ್ಬಿಯ ಕಿವಿಗೆ ಪೋಣಿಸಿ
ಜಾಳಿಗಿಗೆ ನೇತುಹಾಕಾಕ ಕೊಕ್ಕಿ ಮಾಡಿದ.
ಕುತ್ತಿಗಿಗೆ ಬಿಗಿಯಾಗಿ ಹನ್ನೊಂದು ಸುತ್ತು.
ತುಟಿ ಅಲುಗತಿತ್ತು, ಎಣಸಾಕತ್ತಿದ್ದ.

‘ಎಷ್ಟ ದಿನ ಬದಕ್ತದ?’ ಗೌರಾಬಾಯಿ ಕೇಳಿದಳು.
ಲೆಕ್ಕ ಅರವತ್ತು ವರ್ಷ ಅಂತದ, ಸೆಲ್ಲಿಗೇ ಅಷ್ಟು ಆಯುಷ್ಯ ಇಲ್ಲರಿ,
ಈ ಹಂಗಾಮ ಅಂತೂ ದಾಟ್ತದ.
ಆಕಿ ಡಬ್ಬಿ ಕಿವಿಗೆ ಹಚ್ಚಿ ಅಲುಗಿಸಿದಳು.
‘ಸಪ್ಪಳನ ಇಲ್ಲಲ್ಲ?’

ಮಲಗ್ಯಾದರಿ.